ಗಣಿಯೂರಿನ ಹಳೇ ಲ್ಯಾಪ್‌ಟಾಪುಗಳು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ರೈಲು ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಸುತ್ತಲಿರುವುದೇ ಮೈಸೂರು ಮೈನ್ಸ್: ಕೆಲಸವಿಲ್ಲದೆ ನಿಂತ ಗಣಿ ಗೋಪುರ, ಸಾಲು ಸಾಲು ಲೈನ್ ಮನೆಗಳು, ಬೂದುಬಣ್ಣದ ಸೈನೈಡ್ ದಿಬ್ಬಗಳು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಈ ಗಣಿಗಳಿಗೆ ಹರಿದು ಬಂತು. ಬೆಂಗಳೂರಿನ ಬೀದಿಗಳು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು! 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಊರಿನ ಅನ್ನ ಬೆಂಗಳೂರಿನ ರೈಲಿನಲ್ಲಿದೆ.

ಅದೇ ರೈಲಿನಲ್ಲಿ ಹಳೇ ಲ್ಯಾಪ್‌ಟಾಪುಗಳೂ ಬರುತ್ತವೆ. ಕಂಪನಿಗಳು ಬಳಸಿ ಬಿಟ್ಟವು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬಂದು, ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ಕೈ ಬದಲಿಸುತ್ತವೆ. ಮಗಳ ಕಾಲೇಜಿಗೆಂದು ತಂದ ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದೆ. ಅದರೊಳಗಿನ ವಿಂಡೋಸ್ 10ಕ್ಕೆ ಮಾತ್ರ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿತು. ಯಂತ್ರವೇನೋ ನಿಲ್ಲುವುದಿಲ್ಲ; ಹೊಸದಾಗಿ ಕಾಣುವ ಭದ್ರತಾ ಬಿರುಕುಗಳಿಗೆ ಮಾಮೂಲಿಯಾಗಿ ತೇಪೆ ಸಿಗುವುದಿಲ್ಲ. ಅಪ್ಪನ ಬ್ಯಾಂಕ್ ವ್ಯವಹಾರವೂ ಅದರಲ್ಲೇ ನಡೆಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ವಿಂಡೋಸ್ 11 ಹಾಕೋಣವೆಂದರೆ ಅದರ ಷರತ್ತುಗಳು ಬಿಗಿ. 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಜಾಗ ಹೇಗೋ ಹೊಂದುತ್ತದೆ. ಆದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಷರತ್ತು ತಪ್ಪಿಸಿ ಹಾಕಿಕೊಡುವ ಅಂಗಡಿಯವರೂ ಉಂಟು. ಅಂಥದಕ್ಕೆ ಮುಂದಿನ ಅಪ್‌ಡೇಟ್ ಸಿಕ್ಕೀತೆಂಬ ಖಾತರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆದ್ದರಿಂದ ಹಣ ಕೊಡುವ ಮುನ್ನ ಪ್ರೊಸೆಸರಿನ ಹೆಸರು ಓದಬೇಕು. ‘ಐ5-7’ ಎಂದು ಶುರುವಾದರೆ ಏಳನೆಯದು, ‘ಐ5-8’ ಎಂದಾದರೆ ಎಂಟನೆಯದು. ಹೊರಗಿನ ಹೊಳಪು ನೋಡಿ ಮರುಳಾಗುವವರೇ ಹೆಚ್ಚು.

ಹಾಗೆಂದು ಏಳನೇ ತಲೆಮಾರಿನದನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್, ಉಬುಂಟು ಮೊದಲಾದವು ಉಚಿತ. 8 ಜಿ.ಬಿ. ಪೆನ್‌ಡ್ರೈವಿಗೆ ಇಳಿಸಿಕೊಂಡು, ಯಂತ್ರವನ್ನು ಅದರಿಂದಲೇ ಶುರು ಮಾಡಿದರೆ ಡಿಸ್ಕನ್ನು ಮುಟ್ಟದೆಯೇ ಪರೀಕ್ಷಿಸಬಹುದು. ವೈ-ಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೇ ನೋಡಿಕೊಂಡು ಆಮೇಲೆ ಸ್ಥಾಪಿಸಿದರಾಯಿತು. ಅದಕ್ಕೂ ಮೊದಲು ಫೋಟೋ, ಅಂಕಪಟ್ಟಿ, ಪ್ರಾಜೆಕ್ಟ್‌ಗಳೆಲ್ಲ ಬೇರೊಂದು ಡ್ರೈವಿಗೆ ಹೋಗಲೇಬೇಕು. ‘ಡಿಸ್ಕ್ ಅಳಿಸು’ ಎಂಬ ಆಯ್ಕೆ ಒತ್ತಿದ ಮೇಲೆ ಹಿಂದಿರುಗುವ ದಾರಿ ಕಷ್ಟ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಎಸ್.ಎಸ್.ಡಿ. ಹಾಕಿಸುವುದು ಒಳ್ಳೆಯದು. ವೇಗದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಲ್ಲಿನವರು ಫ್ಯಾನನ್ನೂ ಬಿಚ್ಚಿಸಿ ಶುಚಿ ಮಾಡಿಸುವುದು ಮೇಲು. ಗಾಳಿ ಎದ್ದಾಗ ದಿಬ್ಬದ ದೂಳು ಮನೆಯೊಳಗೂ ನುಗ್ಗುತ್ತದೆ.

ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ಸಾಲಿನಲ್ಲಿ ಕೇಳಿಬರುವ ಊರಿದು. ಲಿನಕ್ಸ್‌ನಲ್ಲಿ ಇವೆಲ್ಲಕ್ಕೂ ಕೀಲಿಮಣೆ ವಿನ್ಯಾಸಗಳುಂಟು. ಕನ್ನಡಕ್ಕೆ ‘ಕಗಪ’ವೂ ಇದೆ. ಬರೆಯಲು ಲಿಬ್ರೆಆಫೀಸ್ ಮಿಂಟ್ ಜೊತೆಗೇ ಬರುತ್ತದೆ.

ಟ್ಯಾಲಿ ಕಲಿಯುವ ಬಿ.ಕಾಂ. ವಿದ್ಯಾರ್ಥಿಗಳು ಮಾತ್ರ ಸ್ವಲ್ಪ ತಾಳಬೇಕು. ಅದು ವಿಂಡೋಸ್‌ಗೆಂದೇ ಇರುವ ತಂತ್ರಾಂಶ. ಅಂಥವರು ವಿಂಡೋಸ್ ಉಳಿಸಿಕೊಂಡು, ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡು, ಇಂಟರ್‌ನೆಟ್ ಕೆಲಸವನ್ನೆಲ್ಲ ಎರಡನೆಯದರಲ್ಲೇ ಮಾಡಬಹುದು.