ಒಂದು ಗುಟುಕು, ಅರ್ಧ ಗಂಟೆ

ನಮ್ಮ ಮನೆಯಲ್ಲಿ ಸಾರಾಯಿಯ ವಾಸನೆಗೆ ಬೇರೆ ಹೆಸರಿರಲಿಲ್ಲ. ಅಮ್ಮ ‘ವಾಸನೆ’ ಅಂದರೆ ಸಾಕು, ಅಪ್ಪ ಕುಡಿದು ಬಂದಿದ್ದಾನೆ ಎಂದು ನನಗೂ ತಮ್ಮನಿಗೂ ಗೊತ್ತಾಗುತ್ತಿತ್ತು. ಪುಸ್ತಕ ಮುಚ್ಚಿ, ಮಲಗಿದಂತೆ ನಟಿಸುತ್ತಿದ್ದೆವು.

ಹಾಗಾಗಿ ಕಳೆದ ಜನವರಿಯಲ್ಲಿ, ಮಿಶಿಗನ್ನಿನ ಹಿಮದ ಸಂಜೆಯೊಂದರಲ್ಲಿ, ಲ್ಯಾಬಿನ ಗೆಳತಿ ತನ್ನ ಮನೆಯಲ್ಲಿ ಪುಟ್ಟ ಗ್ಲಾಸೊಂದನ್ನು ನನ್ನ ಮುಂದಿಟ್ಟು, “ಈಗಲೇ ಕುಡಿಯಬೇಡ. ಮೊದಲು ಮೂಸಿ ನೋಡು, ಏನೇನು ವಾಸನೆ ಬರುತ್ತೆ ಹೇಳು” ಅಂದಾಗ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಏನೇನು ಅಂದರೆ? ಇರುವುದು ಒಂದೇ ಅಲ್ಲವೇ?

ಬಾಟಲಿ ಅವಳ ಊರಿನದು. ಮಿಶಿಗನ್ ಸರೋವರದ ದಂಡೆಯಲ್ಲಿರುವ ಆ ಊರಿನ ಹೆಸರು ಹಾಲೆಂಡ್. ವಲಸೆ ಬಂದ ಡಚ್ಚರು 1847ರಲ್ಲಿ ಕಟ್ಟಿದ್ದು. ಅಲ್ಲಿನ ನ್ಯೂ ಹಾಲೆಂಡ್ ಕಂಪನಿಯ ‘ಬಿಯರ್ ಬ್ಯಾರೆಲ್ ಬರ್ಬನ್’ ಅದು. ಅಮೆರಿಕದ ಕಾನೂನಿನಂತೆ ಬರ್ಬನ್ ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು, ಒಳಗೋಡೆ ಸುಟ್ಟ ಓಕ್ ಮರದ ಹೊಸ ಪೀಪಾಯಿಯಲ್ಲಿ ಮಾಗಬೇಕು. ಒಮ್ಮೆ ಬಳಸಿದ ಪೀಪಾಯಿ ಹೊಸ ಬರ್ಬನ್ ಮಾಗಿಸಲು ಸಲ್ಲದು. ಅದನ್ನು ಸ್ಕಾಚ್ ಮಾಡುವವರೋ ಬಿಯರ್ ಮಾಡುವವರೋ ಕೊಳ್ಳುತ್ತಾರೆ. ಈ ಕಂಪನಿ ಅಂಥ ಹಳೆಯ ಪೀಪಾಯಿಗಳಲ್ಲಿ ‘ಡ್ರ್ಯಾಗನ್ಸ್ ಮಿಲ್ಕ್’ ಎಂಬ ತನ್ನ ಕಪ್ಪು ಬಿಯರನ್ನು ಇಡುತ್ತದೆ. ಬಿಯರ್ ಹೊರತೆಗೆದ ಮೇಲೆ, ಹೊಸ ಪೀಪಾಯಿಯಲ್ಲಿ ಆಗಲೇ ಮಾಗಿದ ಬರ್ಬನ್ನನ್ನು ತಂದು ಸುಮಾರು ಮೂರು ತಿಂಗಳು ಅದರಲ್ಲಿ ತುಂಬಿಡುತ್ತದೆ. ಮರ ಕುಡಿದಿಟ್ಟುಕೊಂಡ ಬಿಯರು ನಿಧಾನವಾಗಿ ಬರ್ಬನ್ನಿಗೆ ಇಳಿಯುತ್ತದೆ.

ಮೂಸಿದೆ. ಮೊದಲು ಬಂದದ್ದು ಅದೇ ಹಳೆಯ ಘಾಟು. ಹೊಟ್ಟೆ ಹಿಂಡಿದಂತಾಯಿತು. “ಬಾಯಿ ಸ್ವಲ್ಪ ತೆರೆದುಕೊಂಡು ಮೂಸು” ಅಂದಳು. ಹಾಗೆ ಮಾಡಿದಾಗ ಘಾಟು ಪಕ್ಕಕ್ಕೆ ಸರಿದು, ಅದರ ಹಿಂದಿನಿಂದ ಆಲೆಮನೆ ಬಂತು. ಮಂಡ್ಯದ ಕಡೆಯ ನಮ್ಮೂರಿನ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬಂದು, ಅಂಚಿನಲ್ಲಿ ಚೂರು ಸೀಯುವ ಹೊತ್ತಿನ ವಾಸನೆ.

ನಾನು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಓಕ್ ಸುಡುವಾಗ ಮರದೊಳಗಿನ ಸಕ್ಕರೆ ಕಂದುತ್ತದೆ, ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ ಎಂಬುದನ್ನು ಓದಿದ್ದೆ. ಓದಿದ್ದು ಮೂಗಿಗೆ ಬಂದದ್ದು ಮಾತ್ರ ಅವತ್ತೇ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಆಮೇಲೆ ಉರಿ, ನುಂಗಿದ ಮೇಲೆ ಹದ ಮೀರಿ ಹುರಿದ ಕಾಫಿಬೀಜದ ಕಹಿ. ಕಪ್ಪು ಬಿಯರಿಗೆ ಆ ಬಣ್ಣವೂ ಕಹಿಯೂ ಬರುವುದು ಕಪ್ಪಗೆ ಹುರಿದ ಧಾನ್ಯದಿಂದ. ಆ ಕಹಿ ನನ್ನ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇನ್ನಷ್ಟು ಇರಬೇಕಿತ್ತು ಅನ್ನಿಸಿತು. ಹೆಬ್ಬೆರಳ ಎತ್ತರಕ್ಕೂ ಇರದ ಅದನ್ನು ಮುಗಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

ಅಪ್ಪ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವ ಕೆಲಸ ಮಾಡುತ್ತಿದ್ದ. ಕೂಲಿ ಕೈಗೆ ಬಂದರೆ ದಾರಿಯಲ್ಲೇ ಸಾರಾಯಿ ಅಂಗಡಿ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಮುಖ ಕಿವುಚಿ, ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನಾನಾಗ ಐದನೇ ಕ್ಲಾಸು. ಅವತ್ತು ಅಮ್ಮ ಪಾಯಸ ಮಾಡಿದ್ದಳು. ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು, ಅಷ್ಟೇ. ನಾನು ಎಂ.ಎಸ್ಸಿ.ಗೆ ಸೇರಿದ ವರ್ಷ ಅಪ್ಪ ತೀರಿಕೊಂಡ. ಲಿವರ್ ಹೋಗಿತ್ತು.

ಅಮ್ಮನಿಗೆ ಮುಚ್ಚಿಡಬಹುದಿತ್ತು. ಆದರೆ ನಟಿಸುವುದನ್ನು ಆ ಮನೆಯಲ್ಲಿ ಬೇಕಾದಷ್ಟು ಮಾಡಿದ್ದೆ. ಮಾರನೆಯ ದಿನ ಫೋನಿನಲ್ಲಿ ಹೇಳಿಬಿಟ್ಟೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಬೈಗುಳಕ್ಕೆ ಕಾದೆ.

“ಎಷ್ಟು ಕುಡ್ದೆ?”

“ಒಂದೆರಡು ಚಮಚ ಇದ್ದಿರಬಹುದು. ಅರ್ಧ ಗಂಟೆ ಕೂತು ಕುಡಿದೆ.”

“ಅರ್ಧ ಗಂಟೆನಾ? ಅದನ್ನ ಹಂಗೂ ಕುಡೀತಾರಾ? ನಿಮ್ಮಪ್ಪ ಅಂಗ್ಡಿ ಮುಂದೆ ನಿಂತ್ಕಂಡೇ ಮುಗ್ಸೋರು.” ಸ್ವಲ್ಪ ಬಿಟ್ಟು ಕೇಳಿದಳು, “ಹೆಂಗಿತ್ತು?”

“ಆಲೆಮನೆ ವಾಸನೆ ಬರ್ತಿತ್ತಮ್ಮ. ಬೆಲ್ಲ ಸೀದಹಾಗೆ.”

“ನಿಮ್ಮಪ್ಪನ ಅಂಗಿನೂ ಹಂಗೇ ಇರೋದು ಕಣವ್ವ. ಎಲ್ಡು ಸಲ ಒಗದ್ರೂ ಹೋಗ್ತಿರ್ಲಿಲ್ಲ.”

“ಸಾರಾಯಿ ವಾಸನೆನಾ?”

“ಅಲ್ಲ, ಬೆಲ್ಲದ್ದು.”

ಆ ಮನೆಯಲ್ಲಿ ಅಷ್ಟು ವರ್ಷ ಇದ್ದೆ. ಅಪ್ಪನಿಂದ ಬೆಲ್ಲದ ವಾಸನೆ ಬಂದದ್ದು ಒಂದು ದಿನವೂ ನನ್ನ ನೆನಪಿನಲ್ಲಿಲ್ಲ.