ಹೇಗ್ ನಗರದಲ್ಲಿ ಜಾವಾ ಊಟ

ತುಮಕೂರಿನವರು ವಿಮಾನ ಹತ್ತುವುದೇ ಚಟ್ನಿಪುಡಿಯ ಧೈರ್ಯದ ಮೇಲೆ. ಪರದೇಶದ ಊಟ ಬಾಯಿಗೆ ಹಿಡಿಸುವುದಿಲ್ಲವೆಂದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ. ನಾವೂ ಮಗಳ ಮನೆಗೆಂದು ಹಾಲೆಂಡಿಗೆ ಹೋಗಿ, ಡಚ್ಚರ ಬ್ರೆಡ್ಡು, ಚೀಸು, ಬೇಯಿಸಿದ ಆಲೂಗಡ್ಡೆ ಕಂಡಮೇಲೆ ಆ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು. ಆಗ ಅಳಿಯಂದಿರು, "ಬನ್ನಿ ಮಾವ, ಅನ್ನ ಸಿಗೋ ಕಡೆ ಹೋಗೋಣ" ಎಂದು ಹೇಗ್ ನಗರದ ಒಂದು ಇಂಡೊನೇಷ್ಯಾ ಹೋಟೆಲಿಗೆ ಕರೆದೊಯ್ದರು.

ಇಂಡೊನೇಷ್ಯಾವನ್ನು ಆಳುತ್ತಿದ್ದ ಡಚ್ಚರ ಕೈಯಿಂದ ರಾಜ್ಯ ಹೋದರೂ ನಾಲಿಗೆಯಿಂದ ರುಚಿ ಹೋಗಲಿಲ್ಲ. 1945ರಲ್ಲಿ ಇಂಡೊನೇಷ್ಯಾ ಸ್ವಾತಂತ್ರ್ಯ ಸಾರಿತು. ಹೊಡೆದಾಡಿ ಕೊನೆಗೆ ಡಚ್ಚರು ಅದನ್ನು ಒಪ್ಪಿದ್ದು 1949ರ ಡಿಸೆಂಬರಿನಲ್ಲಿ. ಅಲ್ಲಿದ್ದ ಅಧಿಕಾರಿಗಳು, ಸಿಪಾಯಿಗಳು, ಮಿಶ್ರ ಕುಟುಂಬಗಳು ಲಕ್ಷಗಟ್ಟಲೆ ಈ ಕಡೆ ಬಂದಿಳಿದಾಗ ಅಡುಗೆಯೂ ಜೊತೆಗೆ ಬಂತು. ನಾವು ಹೇಳಿದ್ದು ರೈಸ್ಟಾಫೆಲ್: ನಡುವೆ ಅನ್ನ, ಸುತ್ತ ಹತ್ತು-ಹನ್ನೆರಡು ಪುಟ್ಟ ಬಟ್ಟಲು. ಅಲ್ಲಿಯ ಜಾವಾ ದ್ವೀಪದ ಮನೆಗಳಲ್ಲಿ ಹೀಗೆ ಉಣ್ಣುವುದಿಲ್ಲ. ಆಳುಗಳನ್ನು ಸಾಲುಗಟ್ಟಿ ನಿಲ್ಲಿಸಿ, ಒಬ್ಬೊಬ್ಬರ ಕೈಲಿ ಒಂದೊಂದು ಪದಾರ್ಥ ಬಡಿಸಿಕೊಂಡು ತೋಟದ ದೊರೆಗಳು ಮೆರೆದ ಊಟ ಇದು. ನಮ್ಮ ಎಲೆಯಲ್ಲಿ ಉಪ್ಪಿನಿಂದ ಮಜ್ಜಿಗೆಯವರೆಗೆ ಒಂದು ಕ್ರಮವಿದೆ. ಇಲ್ಲಿ ಎಲ್ಲವೂ ಒಟ್ಟಿಗೇ ಬಂದು ಕೂತವು.

ನನ್ನ ಹೆಂಡತಿ ಗುಬ್ಬಿಯವಳು. ಮೊದಲು ವಿಚಾರಣೆ, ಆಮೇಲೆ ಊಟ. ಸಾಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಅರೆದ ಸೀಗಡಿಯ ತೆರಾಸಿ ಇದೆಯೆಂದು ತಿಳಿದು ಆ ಬಟ್ಟಲು ಆಚೆ ಸರಿಯಿತು. ಹಪ್ಪಳವೆಂದು ಕೈಚಾಚಿದ್ದೂ ಸೀಗಡಿಯದೇ. ಉಳಿದದ್ದರಲ್ಲಿ ಅವಳ ಕಣ್ಣು ಬಿದ್ದದ್ದು ಸೆರುಂಡೆಂಗ್ ಮೇಲೆ: ಕಾಯಿತುರಿಯನ್ನು ಹುಣಸೆ, ಬೆಲ್ಲ, ಮಸಾಲೆ ಬೆರೆಸಿ ಕೆಂಪಗೆ ಹುರಿದು ಕಡ್ಲೆಬೀಜ ಸೇರಿಸಿದ ಪುಡಿ. ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದನ್ನೇನಾ ನಾವು ಕೆಜಿಗಟ್ಟಲೆ ಹೊತ್ಕೊಂಡು ಬಂದಿದ್ದು?" ಅಂದಳು. ಗಾಡೋ-ಗಾಡೋ ಎಂಬ ಬೆಂದ ತರಕಾರಿಯ ಮೇಲೆ ಸುರಿದದ್ದು ಕಡ್ಲೆಬೀಜದ ಗಟ್ಟಿ ಚಟ್ನಿಯೇ. ಪಾವಗಡ, ಶಿರಾದ ಹೊಲಗಳಲ್ಲಿ ಹುಟ್ಟಿದ್ದು ಎಂಬಂತೆ ನಾವು ಕಡ್ಲೆಕಾಯಿಯನ್ನು ನಮ್ಮದು ಮಾಡಿಕೊಂಡಿದ್ದೇವೆ. ಅದಾಗಲಿ ಮೆಣಸಿನಕಾಯಾಗಲಿ ನಮ್ಮದೂ ಅಲ್ಲ, ಜಾವಾದ್ದೂ ಅಲ್ಲ. ಎರಡೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು.

ನನಗೆ ಹಿಡಿಸಿದ್ದು ತೆಂಪೆ. ಸೋಯಾ ಕಾಳು ಬೇಯಿಸಿ, ಸಿಪ್ಪೆ ಕಳೆದು, ಒಂದು ಜಾತಿಯ ಬೂಷ್ಟು ಬೆರೆಸಿ ಬಾಳೆಲೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ. ಕೊಯ್ದ ಹೋಳಿನಲ್ಲಿ ಕಾಳುಗಳು ಚಿಕ್ಕಿಯೊಳಗಿನಂತೆ ಒತ್ತಾಗಿ ಕೂತಿರುತ್ತವೆ, ಬೆಲ್ಲದ ಜಾಗದಲ್ಲಿ ಬಿಳಿ ಬೂಷ್ಟು. ನಮ್ಮಲ್ಲಿ ಬೂಷ್ಟು ಕಂಡರೆ ತಿಪ್ಪೆಗೆ ಎಸೆಯುತ್ತೇವೆ.

ಹುಳಿ ಬರಿಸುವ ಮಾತಿನಿಂದ ಇಡ್ಲಿಗೆ ಬಂದೆವು. ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯನವರ ಪ್ರಕಾರ ಇಂದಿನ ಇಡ್ಲಿಯ ವಿಧಾನ ಇಂಡೊನೇಷ್ಯಾದಿಂದ ಬಂದಿರಬಹುದು. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ಕ್ರಮವೂ ಇದೆ. ಆದರೆ ಅಕ್ಕಿಯಿಲ್ಲ, ಹಬೆಯ ಮಾತಿಲ್ಲ. ಜಾವಾ ಕಡೆಯ ಹಿಂದೂ ಅರಸರೊಂದಿಗೆ ಬಂದ ಬಾಣಸಿಗರು ಇಂದಿನ ವಿಧಾನವನ್ನು ಕಲಿಸಿರಬಹುದೆಂದು ಅವರ ಊಹೆ. ಊಹೆಯೇ ಹೊರತು ದಾಖಲೆಯಲ್ಲ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಕಡುಬು ಬೇಯಿಸಲು ಸಮುದ್ರ ದಾಟಿದ ಗುರು ಬೇಕಿತ್ತೇ ಎಂಬ ಅನುಮಾನ ನನಗಿದೆ. ಆದರೂ ಆ ಮೇಜಿನ ಮುಂದೆ ಕೂತು ಜೋರಾಗಿ ವಾದಿಸಲು ಬಾಯಿ ಬರಲಿಲ್ಲ.

"ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟ್ಲಲ್ಲಿ ನಿಂತು ಈ ಮಾತು ಹೇಳಿ ನೋಡೋಣ ಮಾವ" ಎಂದರು ಅಳಿಯಂದಿರು.

"ಹೇಳ್ತೀನಿ, ತಿಂದಾದ ಮೇಲೆ" ಅಂದೆ.

ಕೊನೆಗೆ ಕ್ಲೆಪೋನ್ ಬಂತು. ಅಕ್ಕಿಹಿಟ್ಟಿನ ಹಸಿರು ಉಂಡೆ, ಹೊರಗೆ ಕಾಯಿತುರಿ, ಒಳಗೆ ತಾಳೆಬೆಲ್ಲ. ಹೆಂಡತಿ ಅರ್ಧ ಕಚ್ಚುತ್ತಲೇ ಬೆಲ್ಲದ ಪಾಕ ಚಿಮ್ಮಿ ಸೆರಗಿಗೆ ಬಿತ್ತು. ಮಗಳು ಕಾಗದದ ಕರವಸ್ತ್ರ ಹುಡುಕುತ್ತಿದ್ದಳು. ಇವಳು ಅದರ ಗೊಡವೆಗೇ ಹೋಗದೆ ಉಳಿದರ್ಧವನ್ನೂ ನಿಧಾನವಾಗಿ ಅಗಿದು, "ಏಲಕ್ಕಿ ಹಾಕಿಲ್ಲ" ಎಂದಳು.