ಅಣಬೆ ಹವಳ ಕಲಿಸಿದ ಪಾಠ

ನಿಮ್ಮ ಮನೆಯಲ್ಲಿ ಅಕ್ವೇರಿಯಂ ಇದೆಯೇ? ಮಕ್ಕಳು ಹಟ ಹಿಡಿದು ತರಿಸಿಕೊಂಡ ಎರಡೇ ಎರಡು ಗೋಲ್ಡ್ ಫಿಶ್ ಇದ್ದರೂ ಸಾಕು, ನಾನು ಹೇಳಹೊರಟಿರುವ ವಿಷಯ ನಿಮಗೂ ಸಂಬಂಧಿಸಿದ್ದೇ.

ಶ್ರೀರಾಂಪುರದ ನಮ್ಮ ಚಿಕ್ಕ ಮನೆಯ ಹಾಲ್‌ನಲ್ಲಿ ಮೂರಡಿ ಉದ್ದದ ಒಂದು ಗಾಜಿನ ಟ್ಯಾಂಕ್ ಇದೆ. ಅದರಲ್ಲಿರುವುದು ನಲ್ಲಿಯ ನೀರಲ್ಲ, ಉಪ್ಪುನೀರು. ಕಡಲು ಇಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಆದರೂ ನನ್ನ ಹಿರಿಯ ಮಗ ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣ ಬೆರೆಸಿ, ಪಂಪ್ ಕೂರಿಸಿ, ದೀಪ ಹಾಕಿ ಮನೆಯೊಳಗೇ ಒಂದು ತುಂಡು ಕಡಲನ್ನು ಮಾಡಿದ್ದಾನೆ. ಎರಡು ಕ್ಲೌನ್ ಮೀನು, ಒಂದಷ್ಟು ಕಲ್ಲು, ಕಲ್ಲಿನ ಮೇಲೆ ಮೆದು ಹವಳಗಳು. ಸೂರಃ ಅರ್‍ರಹ್ಮಾನ್‌ನಲ್ಲಿ 'ಮರ್ಜಾನ್' ಎಂಬ ಪದವನ್ನು ನಾವೆಲ್ಲ ಓದಿದವರೇ. ಆದರೆ ಹವಳ ಒಂದು ಜೀವಿ, ಅದು ಬಾಯಿ ತೆರೆಯುತ್ತದೆ, ಮುದುಡುತ್ತದೆ, ಪಕ್ಕದ ಹವಳದೊಡನೆ ಜಾಗಕ್ಕಾಗಿ ಜಗಳವಾಡುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಈ ಟ್ಯಾಂಕಿನಲ್ಲೇ.

ಕಲ್ಲಿನಂತಹ ಗಟ್ಟಿ ಹವಳಗಳನ್ನು ಅವನು ತಂದಿರಲಿಲ್ಲ. ಅವುಗಳಿಗೆ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಅವನಲ್ಲಿದ್ದುದು ಬಟನ್ ಪಾಲಿಪ್ ಎಂಬ ಗುಂಡಿಯಾಕಾರದ ಹವಳಗಳ ಒಂದು ಗುಂಪು ಮತ್ತು ಎರಡು ಅಣಬೆ ಹವಳಗಳು. ಅಣಬೆ ಹವಳಕ್ಕೆ ಎಲುಬೂ ಇಲ್ಲ, ಕಲ್ಲಿನ ಗೂಡೂ ಇಲ್ಲ. ಕೊಡೆ ಬಿಚ್ಚಿದಂತೆ ಕೆಂಪು, ನೀಲಿ ಬಣ್ಣದಲ್ಲಿ ಅರಳಿ ಕೂರುವ ಮೆದುವಾದ ಜೀವಿ. ನೋಡಲು ಬಹಳ ಚೆಂದ.

ಮಗ ಓದಲು ಮಂಗಳೂರಿಗೆ ಹೊರಟಾಗ ಟ್ಯಾಂಕನ್ನು ನನಗೆ ಒಪ್ಪಿಸಿ, "ಅಮ್ಮಿ, ದಿನಕ್ಕೆ ಒಂದು ಚಿಟಿಕೆ ಆಹಾರ ಸಾಕು. ಹೆಚ್ಚು ಹಾಕಬೇಡಿ" ಎಂದು ಎರಡೆರಡು ಬಾರಿ ಹೇಳಿದ. ಆದರೆ ಸಂಜೆ ನಮ್ಮ ಮನೆಗೆ ಟ್ಯೂಶನ್ನಿಗೆ ಹತ್ತಾರು ಮಕ್ಕಳು ಬರುತ್ತಾರೆ. ಪ್ರತಿಯೊಬ್ಬರಿಗೂ ಮೀನಿಗೆ ಒಂದು ಚಿಟಿಕೆ ಹಾಕುವ ಆಸೆ. ಪಾಠ ಒಪ್ಪಿಸಿದವರಿಗೆ ಅದೇ ಬಹುಮಾನವಾಯಿತು. ಹಸಿದ ಜೀವಿಗೆ ಉಣಿಸುವುದರಲ್ಲಿ ತಪ್ಪೇನು ಎಂದುಕೊಂಡೆ.

ಒಂದು ವರ್ಷದೊಳಗೆ ಎರಡು ಕೊಡೆ ಇಪ್ಪತ್ತಾದವು. ಆಮೇಲೆ ಎಣಿಸುವುದನ್ನೇ ಬಿಟ್ಟೆ. ಅಣಬೆ ಹವಳ ಕಲ್ಲಿನ ಮೇಲೆ ನಿಧಾನವಾಗಿ ತೆವಳುತ್ತದೆ. ತೆವಳುವಾಗ ಪಾದದ ಒಂದು ಚೂರನ್ನು ಹಿಂದೆ ಬಿಟ್ಟು ಹೋಗುತ್ತದೆ. ಆ ಚೂರೇ ಹೊಸ ಹವಳವಾಗಿ ಬೆಳೆಯುತ್ತದೆ. ಕೆಲವೊಮ್ಮೆ ಒಂದೇ ಹವಳ ಎರಡಾಗಿ ಸೀಳಿಕೊಳ್ಳುವುದೂ ಉಂಟು. ತಿನ್ನದೆ ಉಳಿದ ಆಹಾರ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಾಗಿತ್ತು. ಅಂಥ ನೀರು ಬೇರೆ ಹವಳಗಳಿಗೆ ಕಷ್ಟ, ಅಣಬೆ ಹವಳಕ್ಕೆ ಮಾತ್ರ ಹಬ್ಬದೂಟ. ಮಗನ ಬಟನ್ ಪಾಲಿಪ್‌ಗಳು ಆ ಕೊಡೆಗಳ ನೆರಳಿನಲ್ಲಿ ಒಂದೊಂದಾಗಿ ಮುಚ್ಚಿಕೊಂಡವು.

ಮಗನಿಗೆ ತಿಳಿಸಲು ಮುಖವಿರಲಿಲ್ಲ. ಅಡುಗೆಮನೆಯ ಚಾಕು ತಂದು ಟ್ಯಾಂಕಿನೊಳಗೇ ಕೆರೆದೆ. ಇದು ನನ್ನ ಎರಡನೆಯ ತಪ್ಪು. ಚೂರುಗಳು ಪಂಪಿನ ಅಲೆಯಲ್ಲಿ ತೇಲಿ ಮೂಲೆಮೂಲೆಗೂ ಹೋಗಿ ಕೂತವು. ತಿಂಗಳು ಕಳೆಯುವಷ್ಟರಲ್ಲಿ, ಮೊದಲು ಖಾಲಿಯಿದ್ದ ಕಲ್ಲುಗಳ ಮೇಲೂ ಪುಟ್ಟ ಪುಟ್ಟ ಅಣಬೆಗಳು!

ಮೂರನೆಯ ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಕಲ್ಲನ್ನೇ ಹೊರತೆಗೆದು ಕುದಿಯುವ ನೀರು ಸುರಿದರೆ ಎಲ್ಲವೂ ಸಾಯಬಹುದೆಂದು ಒಲೆಯ ಮೇಲೆ ನೀರಿಟ್ಟಿದ್ದೆ. ಅಷ್ಟರಲ್ಲಿ ಮಗನ ಫೋನ್ ಬಂತು. ವಿಷಯ ಕೇಳಿದ್ದೇ, "ಅಮ್ಮಿ, ಬೇಡ! ಮೊದಲು ಒಲೆ ಆರಿಸಿ" ಎಂದು ಕೂಗಿಕೊಂಡ. ಬಟನ್ ಪಾಲಿಪ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಇದನ್ನು ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿ 1971ರಲ್ಲಿ ಪ್ರಕಟಿಸಿದರು. ಅಂಥ ಕಲ್ಲನ್ನು ಕುದಿಸಿದರೆ ಅಥವಾ ಬಿಸಿನೀರು ಹಾಕಿ ಉಜ್ಜಿದರೆ ಆವಿಯ ಜೊತೆ ವಿಷ ಉಸಿರಿಗೆ ಸೇರುತ್ತದೆ. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ವಿದೇಶಗಳಲ್ಲಿ ನಡೆದಿವೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಶಾಲೆಯಲ್ಲಿ ಈ ಕಥೆ ಕೇಳಿದ ಮುರುಡೇಶ್ವರದ ಕಡೆಯ ಸ್ನೇಹಿತೆಯೊಬ್ಬರು, "ಬಾಟಲಿಗೆ ತುಂಬಿ ಕೊಡಿ ಬಾಜಿ, ಊರಿಗೆ ಹೋದಾಗ ಸಮುದ್ರಕ್ಕೆ ಬಿಡ್ತೇನೆ. ಜೀವ ಉಳಿಸಿದ ಸವಾಬು ಬರುತ್ತದೆ" ಎಂದರು. ಮಾತು ಹಿತವೆನಿಸಿತು. ಆದರೆ ಮಗ ಇದಕ್ಕೂ ಒಪ್ಪಲಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ ಹವಳಗಳಿವೆ. ಎಲ್ಲಿಂದಲೋ ಬಂದ, ಯಾವ ರೋಗ ಹೊತ್ತಿದೆಯೋ ತಿಳಿಯದ ಜೀವಿಯನ್ನು ಅವುಗಳ ಪಕ್ಕ ಬಿಡುವುದು ದಯೆಯಲ್ಲ ಎಂದ. 1984ರಲ್ಲಿ ಮೊನಾಕೊ ಕರಾವಳಿಯಲ್ಲಿ ಅಕ್ವೇರಿಯಂಗಳಲ್ಲಿ ಬೆಳೆಸುವ ಕಾಲರ್ಪಾ ಎಂಬ ಪಾಚಿ ಒಂದು ಚದರ ಮೀಟರಿನಷ್ಟು ಕಾಣಿಸಿತ್ತು. ಮುಂದೆ ಅದು ಫ್ರಾನ್ಸ್, ಇಟಲಿ, ಸ್ಪೇನ್‌ಗಳ ಕಡಲತಳಕ್ಕೂ ಹಬ್ಬಿತು.

ಅಣಬೆ ಹವಳದ್ದೇ ಒಂದು ಉದಾಹರಣೆ ಪೆಸಿಫಿಕ್ ಸಾಗರದ ಪಾಲ್ಮೈರಾ ದ್ವೀಪದಲ್ಲಿದೆ. 1991ರಲ್ಲಿ ಅಲ್ಲಿ ಒಂದು ಮೀನುಗಾರಿಕಾ ಹಡಗು ಒಡೆದು ಮುಳುಗಿತು. ಅದರ ಸುತ್ತ ಅಣಬೆ ಹವಳಗಳು ಮಿತಿಮೀರಿ ಬೆಳೆದು ಬೇರೆ ಹವಳಗಳನ್ನು ಮುಚ್ಚಿದವು. ತುಕ್ಕು ಹಿಡಿದ ಹಡಗಿನ ಕಬ್ಬಿಣಾಂಶ ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸಿದರು. 2013-14ರಲ್ಲಿ ಹಡಗಿನ ಅವಶೇಷವನ್ನೇ ಅಲ್ಲಿಂದ ತೆಗೆಸಲಾಯಿತು. ಇದನ್ನು ಕೇಳಿದಾಗ ನನ್ನ ಟ್ಯಾಂಕಿನ ಹಡಗು ಯಾವುದೆಂದು ನನಗೆ ಹೊಳೆಯಿತು: ಆ ಹತ್ತಾರು ಚಿಟಿಕೆ ಆಹಾರ.

ಆಮೇಲೆ ಮಗ ಹೇಳಿದಂತೆ ನಡೆದೆ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ, ದಿನಕ್ಕೆ ಒಮ್ಮೆ. ವಾರಕ್ಕೊಮ್ಮೆ ಹದಿನೈದು ಲೀಟರ್ ನೀರು ಬದಲಾವಣೆ. ಅಣಬೆ ಮಾತ್ರ ಇರುವ ಕಲ್ಲನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿಗೆ ಎತ್ತಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಪಾದದ ಅಡಿಯ ಕಲ್ಲಿನ ಪದರವನ್ನೂ ಸೇರಿಸಿ ಕಿತ್ತೆ. ಚೂರು ಉಳಿದರೆ ಮತ್ತೆ ಚಿಗುರುತ್ತದೆ. ಎತ್ತಲಾಗದ ಕಲ್ಲಿನ ಮೇಲಿನವುಗಳಿಗೆ, ಅಕ್ವೇರಿಯಂಗೆಂದೇ ಸಿಗುವ ಶುದ್ಧ ಸುಣ್ಣದ ಪುಡಿಯನ್ನು ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಬಾಯಿಗೆ ತುಂಬಿದೆ. ಒಂದು ಸಲಕ್ಕೆ ಎರಡೋ ಮೂರೋ ಅಷ್ಟೇ. ಹೆಚ್ಚಾದರೆ ನೀರಿನ ಕ್ಷಾರ ಏರಿ ಮೀನು ಸಾಯಬಹುದು. ಕಿತ್ತ ಹವಳಗಳಲ್ಲಿ ಕೆಲವನ್ನು ಉಪ್ಪುನೀರಿನ ಟ್ಯಾಂಕ್ ಇರುವ ಪರಿಚಿತರೊಬ್ಬರು ಒಯ್ದರು. ಉಳಿದವನ್ನು ಒಂದು ದಿನ ಸಿಹಿನೀರಿನಲ್ಲಿಟ್ಟು, ಸತ್ತ ಮೇಲೆ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಕೈ ನಡುಗಿತು. ಆದರೆ ನಾನು ಬೆಳೆಸಿದ ಹೊರೆಯನ್ನು ಕಡಲಿನ ಮೇಲೆ ಹೊರಿಸುವುದು ಇನ್ನೂ ದೊಡ್ಡ ಅನ್ಯಾಯವಾಗುತ್ತಿತ್ತು.

ಈಗ ಐದು ಅಣಬೆಗಳು ಸುತ್ತ ಬರಿಯ ಮರಳಿರುವ ಒಂದು ಒಂಟಿ ಕಲ್ಲಿನ ಮೇಲಿವೆ. ಮರಳನ್ನು ದಾಟಿ ತೆವಳುವುದು ಅವಕ್ಕೆ ಸುಲಭವಲ್ಲ. ಈದ್‌ಗೆ ಬಂದ ಮಗ ಟ್ಯಾಂಕಿನ ಮುಂದೆ ತುಂಬ ಹೊತ್ತು ಕೂತಿದ್ದ. ಅವನ ಬಟನ್ ಪಾಲಿಪ್‌ಗಳಲ್ಲಿ ಏಳು ಮತ್ತೆ ಅರಳಿದ್ದವು. "ಪೂರಾ ಹೋಗಿರಬಹುದು ಅಂದ್ಕೊಂಡಿದ್ದೆ ಅಮ್ಮಿ" ಎಂದ. ಬೈಯಲಿಲ್ಲ.

ಸಹೋದರಿಯರೇ, ಮಕ್ಕಳ ಅಕ್ವೇರಿಯಂ ಬೇಸರವಾದಾಗ ಮೀನನ್ನೂ ಗಿಡವನ್ನೂ ಹತ್ತಿರದ ಕೆರೆಗೆ ಬಿಟ್ಟುಬಿಡೋಣ ಎನ್ನುವವರಿದ್ದಾರೆ. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕ ಮೂಲದ್ದು, ಹೂವಿನ ಚೆಂದಕ್ಕಾಗಿಯೇ ಜನ ಅದನ್ನು ದೇಶದಿಂದ ದೇಶಕ್ಕೆ ಒಯ್ದರು. ಬೇಡವಾದದ್ದನ್ನು ಅಂಗಡಿಗೆ ಮರಳಿಸಿ ಅಥವಾ ಸಾಕುವವರಿಗೆ ಕೊಡಿ. ಅದಕ್ಕಿಂತ ಮೊದಲು, ಆಹಾರದ ಡಬ್ಬಿಯನ್ನು ಮಕ್ಕಳ ಕೈಗೆಟುಕದಂತೆ ಎತ್ತಿಡಿ. ನಮ್ಮ ಮನೆಯಲ್ಲಿ ಈಗ ಅದು ಬೀರುವಿನ ಮೇಲಿದೆ. ಪಾಠ ಒಪ್ಪಿಸಿದ ಮಕ್ಕಳಿಗೆ ಬಹುಮಾನವಾಗಿ ಒಂದೊಂದು ಖರ್ಜೂರ ಸಿಗುತ್ತದೆ.